ಚೀನೀ ವೈದ್ಯದ ವಸಂತಚರ್ಯೆ: ಸಡಿಲಿಸುವ ಮೂರು ತಿಂಗಳು

ಚೀನೀ ಲೆಕ್ಕದ ವಸಂತ ನಮ್ಮ ಯುಗಾದಿಗೆ ಕಾಯುವುದಿಲ್ಲ. ಫೆಬ್ರವರಿ 4ರ ಆಸುಪಾಸಿನಲ್ಲಿ ಬರುವ ‘ಲೀಚುನ್’ ದಿನಕ್ಕೇ ಅದು ಶುರು. ಬೀಜಿಂಗಿನಲ್ಲಿ ಆಗಿನ್ನೂ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಮೇ 5ರ ಸುಮಾರಿಗೆ ‘ಲೀಷ್ಯಾ’ ಬಂತೆಂದರೆ ವಸಂತ ಮುಗಿಯಿತು. ನಡುವಿನ ಮೂರು ತಿಂಗಳನ್ನು ಹದಿನೈದು ದಿನಕ್ಕೊಂದರಂತೆ ಆರು ಪಾಲು ಮಾಡಿದ್ದಾರೆ: ಲೀಚುನ್, ಯೂಷ್ವೇ, ಜಿಂಗ್‌ಝ, ಚುನ್‌ಫೆನ್, ಚಿಂಗ್‌ಮಿಂಗ್, ಗೂಯೂ. ಇದು ಚಂದ್ರನ ಲೆಕ್ಕವಲ್ಲ. ನಮ್ಮ ಸಂಕ್ರಮಣದ ಹಾಗೆ ಸೂರ್ಯನ ಲೆಕ್ಕ. ಹಾಗಾಗಿ ದಿನಾಂಕ ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆದೀತು, ಅಷ್ಟೆ.

ಈ ಋತುವಿನಲ್ಲಿ ಹೇಗಿರಬೇಕೆಂಬುದಕ್ಕೆ ಚೀನೀ ವೈದ್ಯರು ಇವತ್ತಿಗೂ ಬೆರಳು ತೋರಿಸುವುದು ಸುಮಾರು ಎರಡು ಸಾವಿರ ವರ್ಷ ಹಳೆಯದಾದ ‘ಹುವಾಂಗ್‌ದಿ ನೇಯ್‌ಜಿಂಗ್’ ಗ್ರಂಥದ ಕೆಲವೇ ಸಾಲುಗಳತ್ತ. ಅದರ ತಾತ್ಪರ್ಯ ಇಷ್ಟು: ರಾತ್ರಿ ಚಳಿಗಾಲಕ್ಕಿಂತ ತುಸು ತಡವಾಗಿ ಮಲಗು, ಬೆಳಗ್ಗೆ ಬೇಗ ಏಳು, ಅಂಗಳದಲ್ಲಿ ದೊಡ್ಡ ಹೆಜ್ಜೆ ಹಾಕಿ ನಡೆ, ಕೂದಲು ಬಿಚ್ಚು, ಉಡುಪು ಸಡಿಲಿಸು, ಕೊಡು, ಕಸಿಯಬೇಡ, ಮೆಚ್ಚು, ದಂಡಿಸಬೇಡ. ಹೀಗೆ ನಡೆಯದಿದ್ದರೆ ಯಕೃತ್ತಿಗೆ ಪೆಟ್ಟು, ಅದರ ಫಲ ಬೇಸಿಗೆಯಲ್ಲಿ ಕಾಣುತ್ತದೆ ಎಂಬ ಎಚ್ಚರಿಕೆಯೂ ಅಲ್ಲೇ ಇದೆ.

ಚಳಿಗಾಲವೆಲ್ಲ ಬಿಗಿದಿಟ್ಟದ್ದನ್ನು ಸಡಿಲಿಸುವುದೇ ಇಡೀ ವಸಂತಚರ್ಯೆ. ಮೊಳಕೆ ಮಣ್ಣು ಸೀಳಿ ಮೇಲೆ ಬರುವಂತೆ ಮೈಯೊಳಗಿನ ‘ಚೀ’, ಅಂದರೆ ಪ್ರಾಣಶಕ್ತಿ, ಮೇಲಕ್ಕೆ, ಹೊರಕ್ಕೆ ಹರಿಯಲು ನೋಡುತ್ತದೆ. ಅದಕ್ಕೆ ದಾರಿ ಬಿಡಬೇಕು. ಎಡವುವುದು ಅವಸರದಲ್ಲಿ. ಮೊದಲ ಬಿಸಿಲಿಗೇ ಸ್ವೆಟರ್ ಒಗೆಯುವುದು, ‘ಲಿವರ್ ಕ್ಲೀನ್’ ಎಂದು ಕಹಿ ಕಷಾಯ ಕುಡಿದು ಹೊಟ್ಟೆ ಕೆಡಿಸಿಕೊಳ್ಳುವುದು, ಮೂರು ತಿಂಗಳು ಮುದುರಿ ಕೂತ ಮೈಯನ್ನು ಒಂದೇ ಭಾನುವಾರ ಹತ್ತು ಕಿಲೋಮೀಟರ್ ಓಡಿಸುವುದು. ಸಡಿಲಿಸುವುದು ಬೇರೆ, ಕಿತ್ತೊಗೆಯುವುದು ಬೇರೆ.

ಇನ್ನೊಂದು ಮಾತನ್ನು ಮೊದಲೇ ಬಿಡಿಸಿಟ್ಟರೆ ಒಳ್ಳೆಯದು. ಚೀನೀ ವೈದ್ಯ ‘ಗಾನ್’ ಎನ್ನುವ ಯಕೃತ್ತು ಸ್ಕ್ಯಾನಿಂಗಿನಲ್ಲಿ ಕಾಣುವ ಲಿವರ್ ಅಷ್ಟೇ ಅಲ್ಲ. ಶಕ್ತಿಯ ಹರಿವು, ಕಣ್ಣು, ಸ್ನಾಯುರಜ್ಜು, ಕೋಪ, ಮುಟ್ಟಿನ ಕ್ರಮ, ಇಷ್ಟೂ ಆ ಹೆಸರಿನಡಿ ಬರುತ್ತವೆ. ವಸಂತಕ್ಕೆ ಅದರ ನಂಟು: ಧಾತು (ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದರಲ್ಲಿ) ಮರ, ಬಣ್ಣ ಹಸಿರು, ರುಚಿ ಹುಳಿ, ಹವೆ ಗಾಳಿ. ಇದು ಪರಂಪರೆಯ ಭಾಷೆ, ಲ್ಯಾಬ್ ರಿಪೋರ್ಟಿನದಲ್ಲ. ರಕ್ತಪರೀಕ್ಷೆಯಲ್ಲಿ ಲಿವರ್ ಅಂಶಗಳು ಏರಿದ್ದರೆ, ಕಣ್ಣು ಹಳದಿಯಾಗಿದ್ದರೆ ಈ ಬರಹ ಮಡಿಸಿಟ್ಟು ಡಾಕ್ಟರ ಬಳಿ ಹೋಗಿ.

ಮೊದಲು ನಿಮ್ಮೂರಿನ ಹವೆ ನೋಡಿ

ಆರು ಪಾಲುಗಳ ಈ ಪಂಚಾಂಗ ಹುಟ್ಟಿದ್ದು ಹಳದಿ ನದಿಯ ಬಯಲಿನಲ್ಲಿ. ಅದನ್ನು ಹಾಗೇ ಎತ್ತಿ ಬೇರೆ ಊರಿಗೆ ಹೊದಿಸಿದರೆ ಹೊಂದುವುದಿಲ್ಲ. ಚೀನಾದ ಒಳಗೇ ಹೊಂದುವುದಿಲ್ಲ.

ಬೀಜಿಂಗಿನ ವಸಂತ ಒಣ ವಸಂತ. ಗಾಳಿ, ಧೂಳು, ತುಟಿ ಬಿರಿತ. ಊರಿಗೆಲ್ಲ ಒಟ್ಟಿಗೆ ಬರುವ ಹೀಟಿಂಗ್ ಸಾಮಾನ್ಯವಾಗಿ ಮಾರ್ಚ್ 15ಕ್ಕೆ ನಿಲ್ಲುತ್ತದೆ. ಆಮೇಲಿನ ಒಂದೆರಡು ವಾರ ಹೊರಗಿನ ಬಿಸಿಲಿಗಿಂತ ಮನೆಯೊಳಗೇ ಥಂಡಿ. ಹೊಸಬರಿಗೆ ನೆಗಡಿ ಹತ್ತುವುದು ಬೀದಿಯಲ್ಲಲ್ಲ, ಸೋಫಾದ ಮೇಲೆ. ಅಲ್ಲಿನವರು ಈ ದಿನಗಳಲ್ಲಿ ಪೇರ್‌ಹಣ್ಣು ಬೇಯಿಸಿ ತಿನ್ನುತ್ತಾರೆ. ಮಾರ್ಚ್ ಮೊದಲ ವಾರದ ಜಿಂಗ್‌ಝ ದಿನ ಪೇರ್ ತಿನ್ನುವ ರೂಢಿ ಉತ್ತರದಲ್ಲಿ ಹಲವೆಡೆ ಇದೆ.

ದಕ್ಷಿಣದ ಗುವಾಂಗ್‌ಝೌ ಕಡೆ ಕಥೆ ಪೂರಾ ಉಲ್ಟಾ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಮುದ್ರದ ಬಿಸಿ ತೇವಗಾಳಿ ಇನ್ನೂ ತಣ್ಣಗಿರುವ ಗೋಡೆ, ನೆಲಕ್ಕೆ ತಾಗಿ ನೀರಾಗಿ ಇಳಿಯುತ್ತದೆ. ಅಂಥ ದಿನಗಳಿಗೆ ‘ಹ್ವೇನಾನ್‌ಥ್ಯೆನ್’ ಎನ್ನುತ್ತಾರೆ. ಮಂಗಳೂರಿನ ಮಳೆಗಾಲದ ಬೂಸ್ಟು ಹಿಡಿದ ಗೋಡೆ ನೋಡಿದವರಿಗೆ ವಿವರಿಸಬೇಕಿಲ್ಲ. ಮನೆ ಒಣಗಲಿ ಎಂದು ಕಿಟಕಿ ತೆರೆಯುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ತೆರೆದರೆ ಇನ್ನಷ್ಟು ತೇವ ಒಳಗೆ. ಬೆಳಗ್ಗೆ, ಸಂಜೆ ಮುಚ್ಚಿಡಿ. ಅಲ್ಲಿನ ವೈದ್ಯರ ತಲೆನೋವು ಗಾಳಿಯಲ್ಲ, ‘ತೇವ’: ಕೈಕಾಲು ಭಾರ, ನಾಲಿಗೆ ಮೇಲೆ ದಪ್ಪ ಬಿಳಿ ಲೇಪ, ಹಸಿವಿಲ್ಲ. ಅಂಥವರಿಗೆ ಕೆಂಪು ಅಝುಕಿ ಕಾಳು ಮತ್ತು ‘ಯೀರೆನ್’ (ಇಂಗ್ಲಿಷಿನಲ್ಲಿ ಜಾಬ್ಸ್ ಟಿಯರ್ಸ್) ಧಾನ್ಯದ ಕಟ್ಟು. ಎರಡೂ 30 ಗ್ರಾಂ. ಯೀರೆನ್ ಅನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ತುಸು ಹಳದಿಯಾಗುವಷ್ಟು ಹುರಿದು, ಕಾಳನ್ನು ನಾಲ್ಕು ಗಂಟೆ ನೆನೆಸಿ, ಒಂದೂವರೆ ಲೀಟರ್ ನೀರಲ್ಲಿ ಒಂದು ಗಂಟೆ ಕುದಿಸುವುದು. ಹುರಿಯದೆ ಹಾಕಿದರೆ ಹೊಟ್ಟೆಗೆ ತಂಪು ಜಾಸ್ತಿ ಎಂಬ ಲೆಕ್ಕ. ಗರ್ಭಿಣಿಯರಿಗೆ ಯೀರೆನ್ ಕೂಡದು.

ಕರ್ನಾಟಕದಲ್ಲಿದ್ದು ಈ ಕ್ರಮ ಹಿಡಿಯುವವರಿಗೆ ಒಂದು ಮಾತು. ಮಾರ್ಚ್ ಮುಗಿಯುವಷ್ಟರಲ್ಲಿ ಕಲಬುರಗಿ, ರಾಯಚೂರು ಚೀನೀ ಲೆಕ್ಕದಲ್ಲಿ ನಡುಬೇಸಿಗೆ. ಅಲ್ಲಿ ಬಟ್ಟೆಯ ಅಧ್ಯಾಯ ಬಿಟ್ಟೇ ಬಿಡಿ. ನಿದ್ದೆ, ನಡಿಗೆ, ಊಟದ ಹದ ಮಾತ್ರ ಇಟ್ಟುಕೊಳ್ಳಿ. ಬೆಂಗಳೂರು, ಕೊಡಗು, ಚಿಕ್ಕಮಗಳೂರಿನ ಫೆಬ್ರವರಿ ಬೆಳಗುಗಳಿಗೆ ಬಟ್ಟೆಯ ಮಾತೂ ಸಲ್ಲುತ್ತದೆ.

ಬಟ್ಟೆ: ಮೇಲೆ ತೆಳು, ಕೆಳಗೆ ದಪ್ಪ

‘ಚುನ್ ವೂ, ಚ್ಯೂ ದುಂಗ್’ ಎಂಬುದು ಚೀನೀ ಅಜ್ಜಿಯರ ಬಾಯಲ್ಲಿ ಸದಾ ಇರುವ ಮಾತು. ವಸಂತದಲ್ಲಿ ಹೊದ್ದುಕೊಂಡಿರು, ಶರತ್ತಿನಲ್ಲಿ ಚಳಿ ತಾಳಿಕೋ ಎಂದರ್ಥ. ಅಲ್ಲಿನ ಆರೋಗ್ಯ ಅಂಕಣಗಳು ಇದಕ್ಕೆ ಅಂಕಿ ಕೊಡುತ್ತವೆ: ಹೊರಗೆ 15 ಡಿಗ್ರಿಗಿಂತ ಕಡಿಮೆ ಇರುವವರೆಗೆ, ಅಥವಾ ಹಗಲು-ರಾತ್ರಿಯ ನಡುವೆ 8 ಡಿಗ್ರಿಗಿಂತ ಹೆಚ್ಚು ಅಂತರ ಇರುವವರೆಗೆ, ಬೆಚ್ಚಗಿನ ಪದರ ತೆಗೆಯಬಾರದು. ಎರಡನೆಯ ನಿಯಮ ಬೆಂಗಳೂರಿಗೆ ಹೊಂದದು, ಇಲ್ಲಿ ಫೆಬ್ರವರಿ-ಮಾರ್ಚಿನಲ್ಲಿ ಅಂತರ 12 ಡಿಗ್ರಿ ದಾಟುವುದು ಸಾಮಾನ್ಯ, ಆದರೆ ಮಧ್ಯಾಹ್ನ 32. ಮೊದಲನೆಯದನ್ನೇ ಹಿಡಿಯಿರಿ.

ತೆಗೆಯುವ ಕ್ರಮ ಮೇಲಿನಿಂದ ಕೆಳಕ್ಕೆ. ಮೊದಲು ಟೋಪಿ, ಆಮೇಲೆ ಮೇಲಂಗಿ, ಕೊನೆಗೆ ಕಾಲುಚೀಲ. ಕುತ್ತಿಗೆಯ ಹಿಂಭಾಗ, ಹೊಕ್ಕುಳಿನ ಸುತ್ತ, ಪಾದ, ಈ ಮೂರು ಜಾಗ ಕೊನೆಯವರೆಗೂ ಬೆಚ್ಚಗಿರಬೇಕು. ಹೊದ್ದಿರುವುದೆಂದರೆ ಬೆವರುವುದಲ್ಲ. ಬೆವರಿಗೆ ರೋಮರಂಧ್ರ ತೆರೆಯುತ್ತದೆ, ಆಗ ಗಾಳಿ ಹೊಕ್ಕರೆ ಮೈಕೈ ನೋವು, ನೆಗಡಿ ಎಂಬುದು ಈ ವೈದ್ಯದ ಬಹು ಹಳೆಯ ಎಚ್ಚರಿಕೆ. ಬೆನ್ನು ಒದ್ದೆ ಎನಿಸಿದರೆ ಒರೆಸಿ, ಬನಿಯನ್ ಬದಲಿಸಿ, ಆಮೇಲೆ ಒಂದು ಪದರ ಕಡಿಮೆ ಮಾಡಿ. ಮಕ್ಕಳ ವಿಷಯದಲ್ಲಿ ಹಿರಿಯರು ಅತಿ ಮಾಡುತ್ತಾರೆ. ಮಗುವಿನ ಕುತ್ತಿಗೆ ಹಿಂದೆ ಕೈಯಿಟ್ಟು ನೋಡಿ, ಬೆಚ್ಚಗೆ ಒಣಗಿದ್ದರೆ ಸರಿ, ತೇವವಾಗಿದ್ದರೆ ಜಾಸ್ತಿಯಾಯಿತು.

ನಿದ್ದೆ, ನಡಿಗೆ, ಬಾಚಣಿಗೆ

ಚೀನೀ ವೈದ್ಯ ದಿನದ ಎರಡೆರಡು ಗಂಟೆಯನ್ನು ಒಂದೊಂದು ಅಂಗಕ್ಕೆ ಹಂಚುತ್ತದೆ. ರಾತ್ರಿ 11ರಿಂದ 1 ಪಿತ್ತಕೋಶದ ಹೊತ್ತು, 1ರಿಂದ 3 ಯಕೃತ್ತಿನ ಹೊತ್ತು. ಆ ನಾಲ್ಕು ಗಂಟೆ ನಿದ್ದೆಯಲ್ಲಿರಬೇಕು ಎಂಬುದು ನಿಯಮ. ಹಾಗಾಗಿ ‘ತುಸು ತಡವಾಗಿ ಮಲಗು’ ಎಂದರೆ ಹತ್ತೂವರೆ ಎಂದುಕೊಳ್ಳಿ, ಹನ್ನೆರಡಲ್ಲ. ಆರು-ಆರೂವರೆಗೆ ಏಳುವುದು. ವಸಂತದಲ್ಲಿ ಮಧ್ಯಾಹ್ನ ಕಣ್ಣೆಳೆಯುವುದಕ್ಕೆ ಚೀನಾದಲ್ಲಿ ‘ಚುನ್‌ಖುನ್’ ಎಂಬ ಹೆಸರೇ ಇದೆ. ಅದಕ್ಕೆ ಬೆಳಗ್ಗೆ ಹೆಚ್ಚು ಮಲಗುವುದು ಮದ್ದಲ್ಲ. ಊಟದ ನಂತರ 20ರಿಂದ 30 ನಿಮಿಷ ಒರಗಿದರೆ ಸಾಕು. ಅದಕ್ಕೂ ಮೀರಿದರೆ ಎದ್ದಾಗ ತಲೆ ಭಾರ.

ನಡಿಗೆ ಬಿಸಿಲು ಬಿದ್ದ ಮೇಲೆ, 30 ನಿಮಿಷ, ಕೈ ಬೀಸಿ. ಬೆನ್ನಲ್ಲಿ ಬೆವರು ಮೂಡುವ ಮುನ್ನ ನಿಲ್ಲಿಸುವುದು.

ಕೂದಲು ಬಿಚ್ಚು ಎಂಬ ಮಾತು ಇಂದು ಬಾಚುವ ಅಭ್ಯಾಸವಾಗಿ ಉಳಿದಿದೆ. ಮರದ ಅಥವಾ ಕೊಂಬಿನ ಬಾಚಣಿಗೆ, ಒಣಗಿದ ಕೂದಲು, ಹಣೆಯ ಗೆರೆಯಿಂದ ಕತ್ತಿನ ಹಿಂದಿನವರೆಗೆ. ಮೊದಲು ನಡುವೆ, ಆಮೇಲೆ ಎರಡು ಪಕ್ಕ. ಬೆಳಗ್ಗೆ 50ರಿಂದ 100 ಸಲ. ನೆತ್ತಿ ಬೆಚ್ಚಗಾದರೆ ಸಾಕು. ಒದ್ದೆ ಕೂದಲಲ್ಲಿ ಮಾಡಿದರೆ ಕೂದಲು ತುಂಡಾಗುತ್ತದೆ. ಪ್ಲಾಸ್ಟಿಕ್ ಬಾಚಣಿಗೆ ಒಣಹವೆಯಲ್ಲಿ ಚಟಚಟ ಎನ್ನುತ್ತದೆ. ಇದರಿಂದ ಕೂದಲು ಬೆಳೆಯುತ್ತದೆ ಎಂಬ ಜಾಹೀರಾತನ್ನು ನಂಬಬೇಡಿ.

ಊಟ: ಹುಳಿ ಇಳಿಸಿ, ಸಿಹಿ ಏರಿಸಿ

ತಾಂಗ್ ರಾಜವಂಶದ ಕಾಲದ ವೈದ್ಯ ಸುನ್ ಸ್ಮ್ಯಾವ್ (ತೀರಿದ್ದು 682ರಲ್ಲಿ) ವಸಂತದಲ್ಲಿ ಹುಳಿ ಕಡಿಮೆ ಮಾಡಿ ಸಿಹಿ ಹೆಚ್ಚಿಸಿ ಜೀರ್ಣಶಕ್ತಿಯನ್ನು ಪೋಷಿಸಬೇಕೆಂದ. ಕಾರಣ ಹೀಗೆ: ಹುಳಿ ಹಿಡಿದಿಡುವ ರುಚಿ. ನಿಂಬೆಹಣ್ಣು ಕಚ್ಚಿದಾಗ ಮುಖ ಹೇಗೆ ಮುದುಡುತ್ತದೋ ಹಾಗೆ ಒಳಗೂ ಮುದುಡಿಸುತ್ತದೆ. ವಸಂತ ಬಿಚ್ಚಿಕೊಳ್ಳುವ ಕಾಲ, ಅದಕ್ಕೆ ಇದು ಅಡ್ಡ. ಜೊತೆಗೆ, ಮರದ ಧಾತುವಾದ ಯಕೃತ್ತು ಈ ಕಾಲದಲ್ಲಿ ಸೊಕ್ಕಿ ಮಣ್ಣಿನ ಧಾತುವಾದ ಜೀರ್ಣಾಂಗವನ್ನು ತುಳಿಯುತ್ತದೆ. ಟೆನ್ಷನ್ ಆದಾಗ ಹೊಟ್ಟೆ ಉಬ್ಬರಿಸುವವರಿಗೆ ಈ ನಂಟು ಸುಲಭವಾಗಿ ಅರ್ಥವಾದೀತು.

ಹುಳಿ ಯಕೃತ್ತಿಗೆ ಒಳ್ಳೆಯದು, ಆದ್ದರಿಂದ ವಸಂತದಲ್ಲಿ ಹುಳಿ ತಿನ್ನಿ ಎಂಬ ಸಲಹೆಯೂ ಓಡಾಡುತ್ತದೆ. ಅರ್ಧ ಸತ್ಯ. ಹುಳಿ ಯಕೃತ್ತನ್ನು ಸೇರುತ್ತದೆ ನಿಜ. ಆದರೆ ತಾನಾಗಿಯೇ ಏರಿರುವುದಕ್ಕೆ ಮತ್ತೆ ಒತ್ತು ಯಾಕೆ? ನಮ್ಮ ಅಡುಗೆಗೆ ಇದನ್ನು ಅನ್ವಯಿಸಿದರೆ ಹುಳಿ ಬಿಡಿ ಎಂದಲ್ಲ, ಸಾರಿಗೆ ಹಾಕುವ ಹುಣಸೆಯನ್ನು ಅರ್ಧ ಮಾಡಿ ಎಂದು.

ಸಿಹಿ ಎಂದರೆ ಸಕ್ಕರೆಯಲ್ಲ, ಮೈಸೂರುಪಾಕ್ ಅಂತೂ ಅಲ್ಲ. ಅನ್ನ, ನವಣೆ, ಗೆಣಸು, ಕುಂಬಳ, ಕ್ಯಾರೆಟ್, ಖರ್ಜೂರ: ಅಗಿದಷ್ಟೂ ಬಾಯಲ್ಲಿ ಸಿಹಿಯಾಗುವ ಪದಾರ್ಥಗಳು. ಆಯುರ್ವೇದದ ವಸಂತಚರ್ಯೆ ಓದಿದವರಿಗೆ ಇಲ್ಲೊಂದು ತೊಡಕು ಕಾಣುತ್ತದೆ. ಚಳಿಗಾಲದಲ್ಲಿ ಕೂಡಿದ ಕಫ ಬಿಸಿಲಿಗೆ ಕರಗುವ ಕಾಲ, ಆದ್ದರಿಂದ ಹುಳಿಯ ಜೊತೆ ಸಿಹಿ, ಜಿಡ್ಡು, ಹಗಲುನಿದ್ದೆ ಎಲ್ಲ ಬಿಟ್ಟು ಕಹಿ, ಖಾರ, ಒಗರು ತಿನ್ನಿ ಎನ್ನುತ್ತದೆ ಅದು. ಹುಳಿಯಲ್ಲಿ ಎರಡೂ ಒಂದು, ಸಿಹಿಯಲ್ಲಿ ಬೇರೆ. ಒಂದು ಹೊತ್ತು ಅದು, ಒಂದು ಹೊತ್ತು ಇದು ಎಂದು ಬೆರೆಸಬೇಡಿ. ಮೈಯಲ್ಲಿ ಕಫ, ಸಕ್ಕರೆ ಕಾಯಿಲೆ, ಬೊಜ್ಜು ಇರುವವರಿಗೆ ಆಯುರ್ವೇದದ ಮಾತೇ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಸಿಹಿಯ ಜೊತೆಗೆ ಹಿತವಾದ ಘಾಟು ಬೇಕು: ಈರುಳ್ಳಿ ಸೊಪ್ಪು, ಶುಂಠಿ, ಕೊತ್ತಂಬರಿ, ಎಳೆ ಬೆಳ್ಳುಳ್ಳಿ ಸೊಪ್ಪು. ಇವು ಒಳಗಿನದನ್ನು ಹೊರಕ್ಕೆ ತಳ್ಳುತ್ತವೆ. ಬ್ಯಾಡಗಿಯೋ ಗುಂಟೂರೋ ಒಣಮೆಣಸಿನ ಖಾರ ಈ ಲೆಕ್ಕಕ್ಕೆ ಬರುವುದಿಲ್ಲ, ಅದು ಉರಿ. ಲೀಚುನ್ ದಿನ ಉತ್ತರದವರು ತೆಳ್ಳನೆಯ ರೊಟ್ಟಿಯಲ್ಲಿ ಮೊಳಕೆಕಾಳು, ಸೊಪ್ಪು, ಮೊಟ್ಟೆ ಸುತ್ತಿ ‘ಚುನ್‌ಬಿಂಗ್’ ತಿನ್ನುವುದೂ, ಹಸಿ ಮೂಲಂಗಿ ಕಚ್ಚಿ ‘ವಸಂತವನ್ನು ಕಚ್ಚಿದೆವು’ ಎನ್ನುವುದೂ ಇದೇ ಲೆಕ್ಕದಲ್ಲಿ.

ಗೆಣಸಿನ ಗಂಜಿ. ವಸಂತಕ್ಕೆ ಒಂದೇ ಅಡುಗೆ ಕಲಿಯುವುದಾದರೆ ಇದನ್ನು ಕಲಿಯಿರಿ. ಇಬ್ಬರಿಂದ ಮೂವರಿಗೆ ಅಕ್ಕಿ 100 ಗ್ರಾಂ, ‘ಶಾನ್‌ಯಾವ್’ 150 ಗ್ರಾಂ, ಒಣಗಿದ ಕೆಂಪು ಜುಜುಬೆ ಹಣ್ಣು 6, ಗೋಜಿ ಬೆರ್ರಿ ಎಂಬ ಒಣಗಿದ ಪುಟ್ಟ ಕೆಂಪು ಹಣ್ಣು ಒಂದು ಚಮಚ, ನೀರು 1.2 ಲೀಟರ್. ಶಾನ್‌ಯಾವ್ ಎಂದರೆ ಬಳ್ಳಿಯಲ್ಲಿ ಬೆಳೆಯುವ ಉದ್ದ ಗೆಣಸು, ನಮ್ಮ ಹೆಗ್ಗೆಣಸಿನ ಬಳಗದ್ದು. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಬೆರಳುಗಾತ್ರದ, ಮೈತುಂಬ ಬೇರುಕೂದಲಿನ ಸಣಕಲು ಕಡ್ಡಿ ಹಿಟ್ಟುಹಿಟ್ಟಾಗಿ ಬೇಯುತ್ತದೆ, ಗಂಜಿಗೆ ಅದೇ ಬೇಕು. ದಪ್ಪಗೆ ನುಣ್ಣಗೆ ಇರುವುದು ನೀರುನೀರು, ಬಾಣಲೆಯಲ್ಲಿ ಹುರಿಯಲು ಚೆನ್ನ.

ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ. ಗೆಣಸು ಹೆರೆಯುವಾಗ ಕೈಗವಸು ಹಾಕಿ. ಅದರ ಲೋಳೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿವೆ, ಸುವರ್ಣಗಡ್ಡೆಯ ಹಾಗೇ ತುರಿಕೆ ಹತ್ತಿಸುತ್ತದೆ. ಹತ್ತಿದರೆ ನೀರಲ್ಲಿ ತೊಳೆದು ಪ್ರಯೋಜನವಿಲ್ಲ, ವಿನೆಗರ್ ಉಜ್ಜಿ. ಹೆರೆದ ತುಂಡು ಗಾಳಿಗೆ ಕಪ್ಪಾಗುತ್ತದೆ. ಒಂದು ಚಮಚ ವಿನೆಗರ್ ಹಾಕಿದ ನೀರಲ್ಲಿ ಮುಳುಗಿಸಿಡಿ, ಹಾಕುವ ಮುನ್ನ ತೊಳೆಯಿರಿ. ನೀರು ಮರಳಿದ ಮೇಲೆ ಅಕ್ಕಿ ಹಾಕಿ, ಮತ್ತೆ ಕುದಿ ಬಂದಾಗ ಉರಿ ಇಳಿಸಿ, ತಳ ಹಿಡಿಯದಂತೆ ಒಂದೇ ದಿಕ್ಕಿನಲ್ಲಿ ಎರಡು ನಿಮಿಷ ತಿರುಗಿಸಿ. ಮುಚ್ಚಳ ಪೂರ್ತಿ ಮುಚ್ಚಿದರೆ ಉಕ್ಕಿ ಒಲೆಯೆಲ್ಲ ಲೋಳೆ. 20 ನಿಮಿಷಕ್ಕೆ ಗೆಣಸು ಮತ್ತು ಬೀಜ ತೆಗೆದ ಜುಜುಬೆ, ಮುಂದಿನ 20 ನಿಮಿಷ ಸಣ್ಣ ಉರಿ, ಕೊನೆಯ 5 ನಿಮಿಷಕ್ಕೆ ಗೋಜಿ. ಗೋಜಿಯನ್ನು ಮೊದಲೇ ಹಾಕಿದರೆ ಬಿರಿದು ಹುಳಿ ಬಿಡುತ್ತದೆ. ಸೌಟು ಎತ್ತಿದಾಗ ಗಂಜಿ ದಾರದಂತೆ ಎಳೆಯಾಗಿ ಇಳಿದರೆ ಹದ. ಉಪ್ಪು, ಸಕ್ಕರೆ ಬೇಡ. ಕುಕ್ಕರ್ ಬಳಸುವವರು ಅಕ್ಕಿಯನ್ನಷ್ಟೇ ಕೂಗಿಸಿ, ಉಳಿದದ್ದನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿ.

ಊರಿನಲ್ಲಿ ಶಾನ್‌ಯಾವ್ ಸಿಗದಿದ್ದರೆ ಹೆಗ್ಗೆಣಸು ಆದೀತು. ಜುಜುಬೆಗೆ ಬದಲಾಗಿ ಒಣ ಎಲಚಿಹಣ್ಣು ಹಾಕಬೇಡಿ. ದಾಯಾದಿಯೇ ಆದರೂ ನಮ್ಮದು ಹುಳಿ, ಉದ್ದೇಶವೇ ಕೆಡುತ್ತದೆ. ಎರಡು ಖರ್ಜೂರ ಸಾಕು. ಸಕ್ಕರೆ ಕಾಯಿಲೆಯವರಿಗೆ ಈ ಗಂಜಿ ಬೇಗ ಸಕ್ಕರೆ ಏರಿಸುತ್ತದೆ: ಚಿಕ್ಕ ಬಟ್ಟಲು, ಜೊತೆಗೆ ಮೊಟ್ಟೆ ಮತ್ತು ಸೊಪ್ಪು.

ಹಸಿರು ಸೊಪ್ಪುಗಳಲ್ಲಿ ಮೊದಲ ಮರ್ಯಾದೆ ‘ಜ್ಯೂತ್ಸಾಯ್’ಗೆ, ಬೆಳ್ಳುಳ್ಳಿ ಘಮದ ಚಪ್ಪಟೆ ಹುಲ್ಲಿನಂಥ ಸೊಪ್ಪು. ವಸಂತದ ಮೊದಲ ಕೊಯ್ಲು ಎಳೆಯದು, ಅಲ್ಲಿಂದ ಮುಂದೆ ನಾರು. 150 ಗ್ರಾಂ ಸೊಪ್ಪಿಗೆ 3 ಮೊಟ್ಟೆ: ಮೊಟ್ಟೆ ಮೊದಲು ಹುರಿದು ತೆಗೆದಿಟ್ಟು, ಅದೇ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಸೊಪ್ಪನ್ನು 40 ಸೆಕೆಂಡ್ ಬಾಡಿಸಿ ಬೆರೆಸುವುದು. ಒಂದು ನಿಮಿಷ ಮೀರಿದರೆ ನೀರು ಬಿಟ್ಟು ಹಗ್ಗವಾಗುತ್ತದೆ. ಪಾಲಕ್ ಅನ್ನು ಕುದಿನೀರಲ್ಲಿ ಅರ್ಧ ನಿಮಿಷ ಅದ್ದಿ ಹಿಂಡಿ, ನಾಲ್ಕು ತೊಟ್ಟು ಎಳ್ಳೆಣ್ಣೆ ಹಾಕಿ. ಅದ್ದಿದ ನೀರಿನಲ್ಲಿ ಆಕ್ಸಲೇಟ್ ಇಳಿದಿರುತ್ತದೆ, ಚೆಲ್ಲಿಬಿಡಿ.

ಚಿಂಗ್‌ಮಿಂಗ್‌ನಿಂದ ಗೂಯೂವರೆಗಿನ ಎರಡು ವಾರ (ಸುಮಾರು ಏಪ್ರಿಲ್ 5ರಿಂದ 20) ‘ಷ್ಯಾಂಗ್‌ಚುನ್’ ಚಿಗುರಿನ ಸುಗ್ಗಿ. ಬೇವಿನ ಕುಟುಂಬದ ಮರ, ಕೆಂಪು-ನೇರಳೆ ಎಳೆ ಚಿಗುರು, ಮೊದಲ ಸಲ ತಿನ್ನುವವರಿಗೆ ವಾಸನೆ ತುಸು ಗಡಸು. ಚಿಗುರು ಬಲಿತಂತೆ, ಕಿತ್ತಿಟ್ಟು ದಿನ ಕಳೆದಂತೆ ನೈಟ್ರೈಟ್ ಏರುತ್ತದೆ. ಹಾಗಾಗಿ ತಂದ ದಿನವೇ ಕುದಿನೀರಲ್ಲಿ ಒಂದು ನಿಮಿಷ ಅದ್ದಿ, ಹಸಿರಾದ ಮೇಲೆ ಹೆಚ್ಚಿ. ಇದನ್ನು ಬಿಟ್ಟು ನೇರ ಮೊಟ್ಟೆಗೆ ಹಾಕಬಾರದು.

ವಸಂತದ ಕಳಲೆಗೂ ಅದೇ ಶಿಸ್ತು. ನಮ್ಮ ಮಲೆನಾಡಿನಲ್ಲಿ ಕಳಲೆ ಮಳೆಗಾಲದ್ದು, ನೀರು ಬದಲಿಸುತ್ತ ದಿನಗಟ್ಟಲೆ ನೆನೆಸುತ್ತೇವೆ. ಚೀನೀಯರು ಚಳಿ ಕಳೆದು ನೆಲ ಬಿರಿದಾಗ ಕೀಳುವ ಇನ್ನೊಂದು ಜಾತಿಯನ್ನು ಹೆಚ್ಚಿ, ಮುಚ್ಚಳ ತೆಗೆದ ಪಾತ್ರೆಯಲ್ಲಿ ಉಪ್ಪುನೀರಲ್ಲಿ 10-15 ನಿಮಿಷ ಕುದಿಸಿ ಆ ನೀರು ಚೆಲ್ಲುತ್ತಾರೆ. ಹಸಿ ಕಳಲೆಯ ವಿಷಾಂಶ ಆವಿಯಾಗಿ ಹೋಗಬೇಕು, ಅದಕ್ಕೇ ಮುಚ್ಚಳ ತೆಗೆಯುವುದು. ಹೊಟ್ಟೆಹುಣ್ಣು ಇರುವವರಿಗೆ ಕಳಲೆಯ ನಾರು ಆಗಿಬರದು.

ಸೇವಂತಿಗೆ ಚಹಾ, ಮತ್ತು ಅದು ಯಾರಿಗಲ್ಲ

ಕಂಪ್ಯೂಟರ್ ಮುಂದೆ ಕೂತು ಕಣ್ಣುರಿಯುವವರು, ಮುಖ ಕೆಂಪೇರುವವರು, ಬಾಯಿ ಕಹಿ ಎನ್ನುವವರು ಕುಡಿಯುವ ಪಾನೀಯ ಇದು. ಒಣಗಿಸಿದ ಬಿಳಿ ಸೇವಂತಿಗೆ 5-6 ಹೂ, ಗೋಜಿ 10 ಕಾಳು, 300 ಮಿಲಿ ನೀರು. ನೀರು ಮರಳಿದ ಮೇಲೆ ಒಂದು ನಿಮಿಷ ಆರಲು ಬಿಟ್ಟು ಹೊಯ್ದು, 5 ನಿಮಿಷ ಮುಚ್ಚಿಡಿ. ದಿನಕ್ಕೊಂದು ಲೋಟ, ಮಧ್ಯಾಹ್ನ. ಅದೇ ಹೂವಿಗೆ ಇನ್ನೆರಡು ಸಲ ನೀರು ಹಾಕಬಹುದು.

ಹಾಲಿನಂತೆ ಬೆಳ್ಳಗಿರುವ ಹೂ, ಲಿಪ್‌ಸ್ಟಿಕ್‌ನಂತೆ ಮಿರುಗುವ ಗೋಜಿ ಕೊಳ್ಳಬೇಡಿ. ಗಂಧಕದ ಹೊಗೆ ಕೊಟ್ಟದ್ದಿರಬಹುದು, ಮೂಗಿಗೆ ಹಿಡಿದರೆ ಚುರ್ ಎನ್ನುತ್ತದೆ. ಒಳ್ಳೆಯ ಒಣಹೂ ತುಸು ಹಳದಿ ಬೆರೆತ ಬಿಳಿ. ಇನ್ನು, ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಸೇವಂತಿಗೆ ತಂದು ಒಣಗಿಸಿ ಕುಡಿಯುವ ಉಪಾಯ ಬೇಡವೇ ಬೇಡ. ಅದು ಹಾರಕ್ಕೆ ಬೆಳೆದ ಹೂ, ಕೀಟನಾಶಕ ಸಿಂಪಡಿಸುವಾಗ ಯಾರೂ ಕುಡಿಯುತ್ತಾರೆಂದು ಎಣಿಸಿರುವುದಿಲ್ಲ.

ಸೇವಂತಿಗೆ ತಂಪು. ಸದಾ ಕೈಕಾಲು ತಣ್ಣಗಿರುವವರು, ಬೆಳಗ್ಗೆ ತೆಳು ಭೇದಿ ಆಗುವವರು ಕುಡಿದರೆ ಎರಡೇ ದಿನದಲ್ಲಿ ಹೊಟ್ಟೆ ಗುಡುಗುಡು. ಅವರು ಶುಂಠಿ ಎರಡು ಬಿಲ್ಲೆ, ಖರ್ಜೂರ ಎರಡು ಕುದಿಸಿ ಕುಡಿಯಲಿ. ಈ ಜಾತಿಯ ಹೂಗಳ ಪರಾಗ ಆಗದವರಿಗೆ ಸೇವಂತಿಗೆಯಿಂದ ಅಲರ್ಜಿ ಆಗಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವರು ಗೋಜಿಯನ್ನು ಗಂಜಿಗೂ ಹಾಕಬಾರದು. ಮಾತ್ರೆಯ ಪ್ರಭಾವ ಮಿತಿಮೀರಿ ಏರಿದ ಪ್ರಕರಣಗಳಿವೆ.

ಥಾಯ್‌ಚುಂಗ್ ಒತ್ತುವುದು

ಕೋಪಕ್ಕೆ ಚೀನೀ ವೈದ್ಯರು ಮೊದಲು ಹಿಡಿಯುವ ಬಿಂದು ಪಾದದ ಮೇಲಿದೆ. ಕೂತು ಪಾದ ನೆಲಕ್ಕೂರಿ. ಹೆಬ್ಬೆರಳು ಮತ್ತು ಎರಡನೆಯ ಬೆರಳ ಸಂದಿಯಲ್ಲಿ ತೋರುಬೆರಳಿಟ್ಟು, ಎರಡು ಮೂಳೆಗಳ ನಡುವಿನ ಕಾಲುವೆಯಲ್ಲೇ ಕಣಕಾಲ ಕಡೆಗೆ ಜಾರಿಸುತ್ತ ಬನ್ನಿ. ಎರಡೂ ಮೂಳೆ ಕೂಡಿ ದಾರಿ ಮುಚ್ಚುವ ಜಾಗದಲ್ಲಿ ಬೆರಳು ನಿಲ್ಲುತ್ತದೆ. ಅಲ್ಲಿಂದ ಕೂದಲೆಳೆ ಬೆರಳುಗಳ ಕಡೆಗಿರುವ ಗುಳಿಯೇ ಥಾಯ್‌ಚುಂಗ್. ಹಗುರ ಮುಟ್ಟಿದರೆ ಕೆಲವರಿಗೆ ಅಲ್ಲಿ ನಾಡಿ ಮಿಡಿಯುವುದೂ ಸಿಗುತ್ತದೆ. ಹೆಬ್ಬೆರಳಿನಿಂದ 3-5 ಸೆಕೆಂಡ್ ಒತ್ತಿ, ಬಿಡಿ. ಒಂದು ಪಾದಕ್ಕೆ ಎರಡು ನಿಮಿಷ, ಸಂಜೆ ಕಾಲು ತೊಳೆದ ಮೇಲೆ. ಕೊನೆಗೆ ಆ ಗುಳಿಯಿಂದ ಬೆರಳ ಸಂದಿಯ ಕಡೆಗೆ ಹತ್ತು ಸಲ ನೀವಿ.

ಸರಿಯಾದ ಜಾಗ ಸಿಕ್ಕಿತೆಂಬುದಕ್ಕೆ ಗುರುತು ಒಂದು ಬಗೆಯ ಉಬ್ಬಿದಂಥ, ಜೋಮು ಬೆರೆತ ನೋವು. ಚುಚ್ಚಿದಂತಾದರೆ ಮೂಳೆಯ ಮೇಲೆ ಒತ್ತುತ್ತಿದ್ದೀರಿ. ಉಗುರು ತಾಗಿದರೆ ಚರ್ಮ ಹೋದೀತು. ಮಧುಮೇಹದಿಂದ ಪಾದದ ಸ್ಪರ್ಶ ಮಂಕಾದವರು ಕೈಹಾಕಬೇಡಿ. ಗರ್ಭಿಣಿಯರು ಈ ಬಿಂದುವನ್ನೂ, ಕೈಯ ಹೆಬ್ಬೆರಳ ಬುಡದ ‘ಹಗೂ’, ಒಳಕಾಲಿನ ‘ಸಾನ್‌ಯಿನ್‌ಜ್ಯಾವ್’ ಬಿಂದುಗಳನ್ನೂ ಮುಟ್ಟಬಾರದು.

ಮೊಣಕಾಲ ಚಿಪ್ಪಿನ ಕೆಳಗೆ ಹೊರಬದಿಯ ಗುಳಿಯಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲ ಮೂಳೆಯ ಅಂಚಿನಿಂದ ಒಂದು ಬೆರಳು ಹೊರಗೆ ‘ತ್ಸುಸಾನ್‌ಲೀ’ ಇದೆ, ಅದು ಜೀರ್ಣಕ್ಕೆ. ಬೆರಳಿನ ಅಳತೆ ಒತ್ತಿಸಿಕೊಳ್ಳುವವರದು, ಒತ್ತುವವರದಲ್ಲ.

ಎರಡು ಚಲನೆ

2003ರಲ್ಲಿ ಚೀನಾದ ಕ್ರೀಡಾ ಆಡಳಿತ ಜನಬಳಕೆಗೆಂದು ಕ್ರಮಬದ್ಧಗೊಳಿಸಿದ ಅಭ್ಯಾಸಗಳಲ್ಲಿ ಎಂಟು ಚಲನೆಗಳ ‘ಬಾದ್ವಾನ್‌ಜಿನ್’ ಒಂದು. ಪೂರ್ತಿ ಮಾಡಲು ಹನ್ನೆರಡು ನಿಮಿಷದ ಆಸುಪಾಸು. ವಸಂತಕ್ಕೆ ಮುಖ್ಯ ಎಂದರೆ ಏಳನೆಯದು. ಕಾಲು ಅಗಲಿಸಿ, ಕುದುರೆ ಏರಿದಂತೆ ಮಂಡಿ ಬಗ್ಗಿಸಿ ನಿಂತು, ಹೆಬ್ಬೆರಳು ಒಳಗಿಟ್ಟು ಎರಡೂ ಮುಷ್ಟಿ ಸೊಂಟದ ಪಕ್ಕ ಹಿಡಿಯಿರಿ. ಎಡ ಮುಷ್ಟಿಯನ್ನು ನಿಧಾನ ಮುಂದೆ ಚಾಚುತ್ತ ಉಸಿರು ಬಿಡಿ, ಕಣ್ಣರಳಿಸಿ ಮುಷ್ಟಿಯನ್ನೇ ದಿಟ್ಟಿಸಿ. ಕೊನೆಯಲ್ಲಿ ಕೈ ಬಿಚ್ಚಿ, ಮಣಿಕಟ್ಟು ಒಂದು ಸುತ್ತು ತಿರುಗಿಸಿ, ಏನನ್ನೋ ಹಿಡಿದಂತೆ ಮತ್ತೆ ಮುಷ್ಟಿ ಕಟ್ಟಿ ಉಸಿರೆಳೆಯುತ್ತ ವಾಪಸು. ಎಡಕ್ಕೆ ಬಲಕ್ಕೆ ಮೂರು ಮೂರು ಸಲ. ಕೈ ವೇಗವಾಗಿ ಚಾಚುವುದು, ಉಸಿರು ಬಿಗಿಹಿಡಿಯುವುದು, ಮಂಡಿ ಒಳಕ್ಕೆ ಬಾಗುವುದು ಕಾಣುವ ದೋಷಗಳು. ಮಂಡಿನೋವಿನವರು ಕುರ್ಚಿಯಲ್ಲಿ ಕೂತೇ ಮಾಡಲಿ.

ಇನ್ನೊಂದು ಉಸಿರಿನದು. ಆರು ಅಕ್ಷರಗಳ ‘ಲ್ಯೂತ್ಸ್‌ಜ್ವೆ’ ಅಭ್ಯಾಸದಲ್ಲಿ ಯಕೃತ್ತಿನ ಅಕ್ಷರ ‘ಷ್ಯೂ’. ಅಂಗೈ ಮೇಲಾಗಿ ಸೊಂಟದ ಪಕ್ಕ ಇಟ್ಟು, ಪಾದ ಕದಲಿಸದೆ ಎಡಕ್ಕೆ ಮೈ ತಿರುಗಿಸುತ್ತ ಬಲಗೈ ಚಾಚಿ, ‘ಷ್ಯೂ...’ ಎಂದು ಹಲ್ಲುಗಳ ಸಂದಿನಿಂದ ಉಸಿರು ಬಿಡುವುದು. ದನಿ ಸ್ವಲ್ಪವೇ ಕೇಳಿಸಬೇಕು. ಆರು ಸಲ ಸಾಕು. ಹೆಚ್ಚು ಮಾಡಿದರೆ ತಲೆ ಹಗುರಾಗಿ ತೇಲಿದಂತಾಗುತ್ತದೆ.

ಪಕ್ಕೆಲುಬಿನ ಕೆಳಗೆ ಬಿಗಿತ, ಪದೇ ಪದೇ ನಿಟ್ಟುಸಿರು, ಗಂಟಲಲ್ಲಿ ನುಂಗಿದರೂ ಇಳಿಯದ, ಉಗಿದರೂ ಬಾರದ ಗಂಟು: ಇವನ್ನು ‘ಚೀ ಕಟ್ಟಿಕೊಂಡಿದೆ’ ಎನ್ನುತ್ತಾರೆ. ಒಣ ಗುಲಾಬಿ ಮೊಗ್ಗು 5-6 ಹಾಕಿದ ಬಿಸಿನೀರು, ನಡಿಗೆ, ಷ್ಯೂ ಉಸಿರು ಇದಕ್ಕೆ ಹೇಳಿದ್ದು. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚಿರುವವರಿಗೆ, ಗರ್ಭಿಣಿಯರಿಗೆ ಗುಲಾಬಿ ಬೇಡ. ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ, ನುಂಗಲು ನಿಜಕ್ಕೂ ಕಷ್ಟವಾದರೆ ಚಹಾದಿಂದ ಆಗುವ ಕೆಲಸವಲ್ಲ ಅದು.

ಸೀನು, ಪರಾಗ

ಬೀಜಿಂಗಿನಲ್ಲಿ ಮಾರ್ಚ್‌ನಲ್ಲಿ ಸೈಪ್ರೆಸ್ ಮರಗಳ ಪರಾಗ, ಏಪ್ರಿಲ್‌ನಲ್ಲಿ ಪಾಪ್ಲರ್, ವಿಲೋ ಮರಗಳ ಹತ್ತಿಯಂಥ ತುಪ್ಪುಳು. ಕಣ್ಣಿಗೆ ಕಾಣುವ ತುಪ್ಪುಳನ್ನು ಎಲ್ಲರೂ ಬೈಯುತ್ತಾರೆ, ಆದರೆ ಹೆಚ್ಚು ಸೀನಿಸುವುದು ಕಣ್ಣಿಗೆ ಕಾಣದ ಪರಾಗ. ಹೊರಗೆ ಮಾಸ್ಕ್, ಮನೆಗೆ ಬಂದೊಡನೆ ಬಟ್ಟೆ ಬದಲಿಸಿ ಉಪ್ಪುನೀರಿನಿಂದ ಮೂಗು ತೊಳೆಯುವುದು. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಸುಮಾರು ಮುಕ್ಕಾಲು ಟೀ ಚಮಚ, ಅಂದರೆ 4.5 ಗ್ರಾಂ ಉಪ್ಪು. ಮೂಗಿನ ಹೊಳ್ಳೆಯ ಪಕ್ಕದ ‘ಯಿಂಗ್‌ಷ್ಯಾಂಗ್’ ಬಿಂದುವನ್ನು ತೋರುಬೆರಳಿಂದ ಒಂದು ನಿಮಿಷ ಉಜ್ಜಿದರೆ ಕಟ್ಟಿದ ಮೂಗು ಸ್ವಲ್ಪ ಹೊತ್ತು ಬಿಡುತ್ತದೆ, ಅಲರ್ಜಿ ಹೋಗುವುದಿಲ್ಲ. ಉಬ್ಬಸ ಇರುವವರು ಇನ್‌ಹೇಲರ್ ನಿಲ್ಲಿಸಕೂಡದು.

ಪದೇ ಪದೇ ನೆಗಡಿಯಾಗುವವರಿಗೆ ಹುವಾಂಗ್‌ಚಿ, ಬಾಯ್‌ಝು, ಫಾಂಗ್‌ಫೆಂಗ್ ಮೂರು ಬೇರುಗಳ ‘ಯೂಪಿಂಗ್‌ಫೆಂಗ್’ ಪುಡಿ ಕೊಡುವ ರೂಢಿಯಿದೆ. ‘ಜೇಡ್ ಕಲ್ಲಿನ ಗಾಳಿತಡೆ’ ಎಂದು ಹೆಸರು. ಜ್ವರ, ನೆಗಡಿ ಹತ್ತಿದ ಮೇಲೆ ಅದನ್ನು ಕೊಡುವುದಿಲ್ಲ, ಕಳ್ಳ ಒಳಗಿರುವಾಗ ಬಾಗಿಲು ಹಾಕಿದಂತೆ ಎನ್ನುತ್ತಾರೆ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಸೇವಿಸುವವರಿಗೆ ಅದು ಕೂಡದು. ಇಂಥದ್ದನ್ನೆಲ್ಲ ನಾಡಿ ನೋಡಿದ ವೈದ್ಯರು ಕೊಡಲಿ, ಆನ್‌ಲೈನ್ ಅಂಗಡಿಯಲ್ಲ. ವಸಂತದಲ್ಲಿ ಯಕೃತ್ತಿನ ಹೆಸರಲ್ಲಿ, ಕೂದಲು ಕಪ್ಪಾಗಲೆಂದು ಮಾರುವ ‘ಹಶೋವೂ’ ಬೇರು ತಿಂದು ಲಿವರ್ರೇ ಊದಿಕೊಂಡ ಪ್ರಕರಣಗಳು ಚೀನಾದಲ್ಲೇ ದಾಖಲಾಗಿವೆ. ಯಾವ ಪುಡಿ ತಿಂದ ಮೇಲೂ ಮೂತ್ರ ಗಾಢ ಹಳದಿಯಾದರೆ, ಹಸಿವು ಸತ್ತರೆ ನಿಲ್ಲಿಸಿ, ಪೊಟ್ಟಣ ಸಮೇತ ಆಸ್ಪತ್ರೆಗೆ ಹೋಗಿ.

ಏಪ್ರಿಲ್ 20ರ ಸುಮಾರಿಗೆ ಗೂಯೂ ಬರುತ್ತದೆ, ಧಾನ್ಯಕ್ಕೆ ಬರುವ ಮಳೆ ಎಂದು ಹೆಸರು. ಷ್ಯಾಂಗ್‌ಚುನ್ ಚಿಗುರು ಬಲಿತು ನಾರಾಗುತ್ತದೆ, ಉತ್ತರದಲ್ಲೂ ತೇವ ಏರುತ್ತದೆ. ಆಗ ಗಂಜಿಯಲ್ಲಿ ಜುಜುಬೆ ಆರರಿಂದ ಮೂರಕ್ಕೆ ಇಳಿಸಿ. ಸಿಹಿ ಹೆಚ್ಚಾದರೆ ತೇವದ ಹವೆಯಲ್ಲಿ ಹೊಟ್ಟೆ ಉಬ್ಬುತ್ತದೆ. ಕಾಲುಚೀಲ ತೆಗೆಯಬಹುದು. ದಪ್ಪ ರಜಾಯಿಯನ್ನು ಎರಡು ಒಳ್ಳೆಯ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಮಡಿಸಿ ಒಳಗಿಡಿ.